ವಿಟಮಿನ್ ಡಿ ಪುಡಿ ಕ್ಯಾನ್ಸರ್ ವಾಸಿ ಮಾಡುತ್ತದೆಯೇ? ಫಾರ್ವರ್ಡ್‌ನಲ್ಲಿ ಬಿಟ್ಟುಹೋದ ಕ್ಯಾಲ್ಸಿಯಂ ಕಥೆ

ವಾಟ್ಸಾಪ್‌ನಲ್ಲಿ ಆಗಾಗ ಸುತ್ತಿ ಬರುವ ಸಂದೇಶವೊಂದಿದೆ. ಮಾತುಗಳು ಅಲ್ಪಸ್ವಲ್ಪ ಬದಲಾಗುತ್ತವೆ, ಸಾರ ಒಂದೇ. ವಿಟಮಿನ್ ಡಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂದು ವಿಜ್ಞಾನಿಗಳೇ ಕಂಡುಹಿಡಿದಿದ್ದಾರೆ, ಔಷಧ ಕಂಪನಿಗಳು ಇದನ್ನು ಮುಚ್ಚಿಟ್ಟಿವೆ, ಮೆಡಿಕಲ್ ಶಾಪ್‌ನಲ್ಲಿ ಸಿಗುವ ಪುಡಿಯ ಪೊಟ್ಟಣವನ್ನು ದಿನವೂ ಹಾಲಿಗೆ ಹಾಕಿ ಕುಡಿದರೆ ಕೀಮೋ ಬೇಕಾಗಿಲ್ಲ ಎಂಬುದು ಆ ಸಾರ. ಕೊನೆಯಲ್ಲಿ, ಹತ್ತು ಜನರಿಗೆ ಕಳಿಸಿ ಒಂದು ಜೀವ ಉಳಿಸಿ ಎಂಬ ವಿನಂತಿಯೂ ಇರುತ್ತದೆ.

ಕಳಿಸುವವರ ಮನಸ್ಸು ಒಳ್ಳೆಯದೇ. ಮನೆಯಲ್ಲಿ ಯಾರಿಗೋ ಕ್ಯಾನ್ಸರ್ ಎಂದು ಗೊತ್ತಾದಾಗ, ಕಡಿಮೆ ಖರ್ಚಿನ, ನೋವಿಲ್ಲದ ದಾರಿಯೊಂದು ಇದೆ ಎಂದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಈ ಸಂದೇಶದ ಅಪಾಯ ಇರುವುದು ಅದು ಪೂರ್ತಿ ಸುಳ್ಳಾಗಿರುವುದರಲ್ಲಿ ಅಲ್ಲ, ಅದರಲ್ಲಿ ಅರ್ಧ ನಿಜ ಇರುವುದರಲ್ಲಿ. ಉಳಿದ ಅರ್ಧವನ್ನು ಇಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ:

• ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ವಿಟಮಿನ್ ಡಿಯ ಸಕ್ರಿಯ ರೂಪ ಕೆಲವು ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆಯುತ್ತದೆ. ಇದು ನಿಜ.

• ಆ ಪರಿಣಾಮಕ್ಕೆ ಬೇಕಾದ ಪ್ರಮಾಣವನ್ನು ಮನುಷ್ಯನ ದೇಹಕ್ಕೆ ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರುತ್ತದೆ. ಇದು ಕಿಡ್ನಿ, ಹೃದಯ ಎರಡಕ್ಕೂ ಅಪಾಯ.

• ಕ್ಯಾಲ್ಸಿಯಂ ಏರಿಸದೆ ಕ್ಯಾನ್ಸರ್ ತಡೆಯುವ ವಿಟಮಿನ್ ಡಿ ಬೇಕೆಂದು ವಿಜ್ಞಾನಿಗಳು 40 ವರ್ಷಗಳಿಂದ ಹುಡುಕುತ್ತಿದ್ದಾರೆ. ಚರ್ಮದ ಒಂದು ಕಾಯಿಲೆಗೆ ಅದು ಫಲಿಸಿತು. ಕ್ಯಾನ್ಸರ್‌ಗೆ ಇನ್ನೂ ಇಲ್ಲ.

• ಕೀಮೋ ಬಿಟ್ಟು ಪುಡಿ ಕುಡಿಯುವುದು ಜೀವಕ್ಕೆ ಅಪಾಯ.

ವಿಟಮಿನ್ ಎಂದು ಹೆಸರು, ಮಾಡುವ ಕೆಲಸ ಹಾರ್ಮೋನಿನದು

ಬಿಸಿಲಿನಲ್ಲಿರುವ ಅತಿನೇರಳೆ ಬಿ ಕಿರಣಗಳು ಚರ್ಮಕ್ಕೆ ತಾಗಿದಾಗ ಅಲ್ಲಿರುವ ಕೊಲೆಸ್ಟರಾಲ್ ಜಾತಿಯ ಒಂದು ವಸ್ತು ವಿಟಮಿನ್ ಡಿ3 ಆಗಿ ಬದಲಾಗುತ್ತದೆ. ಪುಡಿಯ ಪೊಟ್ಟಣದಲ್ಲಿ ಇರುವುದೂ ಇದೇ, ಅದರ ಹೆಸರು ಕೊಲೆಕ್ಯಾಲ್ಸಿಫೆರಾಲ್. ಈ ರೂಪದಲ್ಲಿ ಅದು ಹೆಚ್ಚೇನೂ ಕೆಲಸ ಮಾಡುವುದಿಲ್ಲ. ಮೊದಲು ಲಿವರ್‌ಗೆ ಹೋಗಿ ಒಮ್ಮೆ ಬದಲಾಗಬೇಕು. ಲ್ಯಾಬಿನಲ್ಲಿ ವಿಟಮಿನ್ ಡಿ ಟೆಸ್ಟ್ ಎಂದು ಅಳೆಯುವುದು ಲಿವರ್ ತಯಾರಿಸಿದ ಈ ರೂಪವನ್ನೇ. ಆಮೇಲೆ ಅದು ಮುಖ್ಯವಾಗಿ ಕಿಡ್ನಿಯಲ್ಲಿ ಇನ್ನೊಮ್ಮೆ ಬದಲಾಗಿ ಕ್ಯಾಲ್ಸಿಟ್ರಯಾಲ್ ಆಗುತ್ತದೆ. ನಿಜವಾದ ಕೆಲಸಗಾರ ಈ ಕ್ಯಾಲ್ಸಿಟ್ರಯಾಲ್.

ಕ್ಯಾಲ್ಸಿಟ್ರಯಾಲ್ ಒಂದು ಹಾರ್ಮೋನು. ರಕ್ತದಲ್ಲಿ ಅತಿ ಅಲ್ಪ ಪ್ರಮಾಣದಲ್ಲಿ ಓಡಾಡುತ್ತಾ ಜೀವಕೋಶಗಳ ಒಳಗೆ ಹೋಗಿ ಅಲ್ಲಿರುವ ರಿಸೆಪ್ಟರ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬೀಗಕ್ಕೆ ಕೀ ಕೂತ ಹಾಗೆ. ಕೀ ಕೂತ ಕೂಡಲೇ ಆ ಜೋಡಿ ನೇರವಾಗಿ ಡಿಎನ್‌ಎ ಮೇಲೆ ಹೋಗಿ ಕೂತು ಕೆಲವು ಜೀನ್‌ಗಳಿಗೆ ಕೆಲಸ ಶುರುಮಾಡಿ ಎಂದೂ, ಇನ್ನು ಕೆಲವಕ್ಕೆ ನಿಲ್ಲಿಸಿ ಎಂದೂ ಹೇಳುತ್ತದೆ.

ಇದು ಎಷ್ಟು ಪ್ರಬಲ ವಸ್ತು ಎಂಬುದಕ್ಕೆ ಒಂದು ಲೆಕ್ಕ ನೋಡಿ. 60,000 ಯುನಿಟ್‌ನ ಪುಡಿ ಪೊಟ್ಟಣದಲ್ಲಿ 1,500 ಮೈಕ್ರೋಗ್ರಾಂ ಡಿ3 ಇರುತ್ತದೆ. ಕಿಡ್ನಿ ರೋಗಿಗಳಿಗೆ ಬರೆದುಕೊಡುವ ಕ್ಯಾಲ್ಸಿಟ್ರಯಾಲ್ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವುದು 0.25 ಮೈಕ್ರೋಗ್ರಾಂ. ಎರಡನ್ನೂ ನಾವು ವಿಟಮಿನ್ ಡಿ ಎಂದೇ ಕರೆಯುತ್ತೇವೆ, ಆದರೆ ಎರಡೂ ಒಂದೇ ವಸ್ತುವಲ್ಲ. ಒಂದರ ಬದಲು ಇನ್ನೊಂದನ್ನು ತೆಗೆದುಕೊಳ್ಳುವಂತಿಲ್ಲ.

ಅದರ ಮುಖ್ಯ ಕೆಲಸ: ಕ್ಯಾಲ್ಸಿಯಂ ಕಾಯುವುದು

ದೇಹದ ಕ್ಯಾಲ್ಸಿಯಂನಲ್ಲಿ ಶೇಕಡ 99 ಭಾಗ ಮೂಳೆ, ಹಲ್ಲುಗಳಲ್ಲಿದೆ. ಉಳಿದ ಒಂದು ಭಾಗದ ಮೇಲೆ ನಮ್ಮ ಜೀವ ನಿಂತಿದೆ. ನರಗಳು ಸಂದೇಶ ಸಾಗಿಸಲು, ಸ್ನಾಯುಗಳು ಬಿಗಿಯಲು, ಹೃದಯ ಲಯ ತಪ್ಪದೆ ಬಡಿಯಲು, ರಕ್ತ ಹೆಪ್ಪುಗಟ್ಟಲು ಅದು ಬೇಕು. ಹಾಗಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಮಟ್ಟವನ್ನು ದೇಹ ಬಹಳ ಬಿಗಿಯಾಗಿ ಕಾಯುತ್ತದೆ. 100 ಮಿಲಿ ರಕ್ತದಲ್ಲಿ ಸುಮಾರು 8.5ರಿಂದ 10.5 ಮಿಲಿಗ್ರಾಂ, ಅಷ್ಟೇ. ಕೆಳಗೆ ಹೋದರೆ ಕೈಕಾಲು ಸೆಟೆದುಕೊಳ್ಳುತ್ತವೆ, ಮೇಲೆ ಹೋದರೆ ಬೇರೆ ತೊಂದರೆಗಳು.

ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಹಿಂದೆ ಅಕ್ಕಿ ಕಾಳಿನಷ್ಟು ಗಾತ್ರದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ರಕ್ತದಲ್ಲಿ ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ಇವು ಹಾರ್ಮೋನು ಸುರಿಸಿ, ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತವೆ, ಜೊತೆಗೆ ಇನ್ನಷ್ಟು ಕ್ಯಾಲ್ಸಿಟ್ರಯಾಲ್ ಮಾಡು ಎಂದು ಕಿಡ್ನಿಗೆ ಹೇಳುತ್ತವೆ. ಕ್ಯಾಲ್ಸಿಟ್ರಯಾಲ್ ಕರುಳಿಗೆ ಹೋಗಿ ಊಟದಲ್ಲಿನ ಕ್ಯಾಲ್ಸಿಯಂ ಹೀರಿಕೊಳ್ಳುವ ಪ್ರೋಟೀನುಗಳನ್ನು ತಯಾರು ಮಾಡಿಸುತ್ತದೆ.

ನಮ್ಮ ರಾಗಿಯ ಉದಾಹರಣೆ ತೆಗೆದುಕೊಳ್ಳಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಸಾಮಾನ್ಯ ಧಾನ್ಯದಲ್ಲೂ ಇಷ್ಟಿಲ್ಲ. ಆದರೆ ತಿಂದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ದೇಹದಲ್ಲಿ ವಿಟಮಿನ್ ಡಿ ಇಲ್ಲದಿದ್ದರೆ ಊಟದ ಕ್ಯಾಲ್ಸಿಯಂನಲ್ಲಿ ಶೇಕಡ 10ರಿಂದ 15 ಮಾತ್ರ ಒಳಗೆ ಹೋಗುತ್ತದೆ. ಸಾಕಷ್ಟಿದ್ದರೆ ಅದು ಶೇಕಡ 30ರಿಂದ 40ರವರೆಗೆ ಏರುತ್ತದೆ. ಮಕ್ಕಳಲ್ಲಿ ವಿಟಮಿನ್ ಡಿ ತೀರಾ ಕೊರತೆಯಾದರೆ ಮೂಳೆ ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ಬರುವುದು ಇದೇ ಕಾರಣಕ್ಕೆ.

ಈ ವ್ಯವಸ್ಥೆಯ ಇನ್ನೊಂದು ಮುಖವೂ ಇದೆ. ವಿಟಮಿನ್ ಡಿ ಅತಿಯಾದರೆ ಕರುಳು ಬೇಕಾದ್ದಕ್ಕಿಂತ ಹೆಚ್ಚು ಕ್ಯಾಲ್ಸಿಯಂ ಹೀರುತ್ತದೆ, ಮೂಳೆಯಿಂದಲೂ ಕ್ಯಾಲ್ಸಿಯಂ ಹೊರಬರುತ್ತದೆ. ಮೂಳೆಗೆಂದು ತೆಗೆದುಕೊಂಡ ಔಷಧವೇ ಅತಿಯಾದಾಗ ಮೂಳೆಯನ್ನು ಕರಗಿಸುತ್ತದೆ.

ಕ್ಯಾನ್ಸರ್ ಕೋಶದ ಕಥೆ ಎಲ್ಲಿಂದ ಬಂತು?

ಫಾರ್ವರ್ಡ್‌ನಲ್ಲಿರುವ ನಿಜದ ಭಾಗ ಇದು.

1980ರಲ್ಲಿ ಅಮೆರಿಕದ ಸೆಡ್ರಿಕ್ ಗಾರ್ಲೆಂಡ್ ಮತ್ತು ಫ್ರಾಂಕ್ ಗಾರ್ಲೆಂಡ್ ಎಂಬ ಸಹೋದರರು ಒಂದು ವಿಷಯ ಗಮನಿಸಿದರು. ಅಮೆರಿಕದಲ್ಲಿ ಬಿಸಿಲು ಕಡಿಮೆ ಇರುವ ಪ್ರದೇಶಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ಸಾಯುವವರ ಪ್ರಮಾಣ ಹೆಚ್ಚಿತ್ತು. ಇದಕ್ಕೆ ವಿಟಮಿನ್ ಡಿ ಕಾರಣವಿರಬಹುದೇ ಎಂದು ಅವರು ಕೇಳಿದರು.

ಮರುವರ್ಷ, 1981ರಲ್ಲಿ, ಜಪಾನಿನ ಎತ್ಸುಕೊ ಅಬೆ, ತತ್ಸುಒ ಸುದಾ ಮತ್ತು ಸಂಗಡಿಗರು ಇಲಿಗಳ ರಕ್ತ ಕ್ಯಾನ್ಸರ್ ಕೋಶಗಳಿಗೆ ಗಾಜಿನ ತಟ್ಟೆಯಲ್ಲಿ ಕ್ಯಾಲ್ಸಿಟ್ರಯಾಲ್ ಹಾಕಿ ನೋಡಿದರು. ಹದ್ದು ಮೀರಿ ಬೆಳೆಯುತ್ತಿದ್ದ ಆ ಕೋಶಗಳು ಬೆಳವಣಿಗೆ ನಿಧಾನಿಸಿ, ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳಂತೆ ಬಲಿಯತೊಡಗಿದವು. ಅದೇ ವರ್ಷ ಅಮೆರಿಕದಲ್ಲಿ ಕೇ ಕೋಲ್‌ಸ್ಟನ್, ಡೇವಿಡ್ ಫೆಲ್ಡ್‌ಮನ್ ಮತ್ತು ಸಂಗಡಿಗರು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ನ ಕೋಶಗಳೂ ಕ್ಯಾಲ್ಸಿಟ್ರಯಾಲ್‌ನಿಂದ ನಿಧಾನವಾಗುತ್ತವೆ ಎಂದು ತೋರಿಸಿದರು.

ಕ್ಯಾನ್ಸರ್ ಕೋಶಕ್ಕೂ ಕ್ಯಾಲ್ಸಿಯಂಗೂ ಏನು ಸಂಬಂಧ? ಇಲ್ಲಿ ಸಂಬಂಧ ಇರುವುದು ರಿಸೆಪ್ಟರ್‌ನಲ್ಲಿ. ಕರುಳು, ಮೂಳೆ, ಕಿಡ್ನಿಗಳಲ್ಲಿ ಇರುವ ಅದೇ ರಿಸೆಪ್ಟರ್ ಸ್ತನ, ಪ್ರಾಸ್ಟೇಟ್, ದೊಡ್ಡ ಕರುಳು, ಚರ್ಮ, ರಕ್ತಕಣಗಳಲ್ಲೂ ಇದೆ. ಅಲ್ಲಿನ ಕ್ಯಾನ್ಸರ್ ಕೋಶಗಳಲ್ಲೂ ಅನೇಕ ಬಾರಿ ಉಳಿದಿರುತ್ತದೆ. ಕರುಳಿನಲ್ಲಿ ಕ್ಯಾಲ್ಸಿಟ್ರಯಾಲ್ ಬಂದು ಕೂತರೆ ಕ್ಯಾಲ್ಸಿಯಂ ಹೀರುವ ಜೀನ್‌ಗಳು ಎಚ್ಚರವಾಗುತ್ತವೆ. ಕ್ಯಾನ್ಸರ್ ಕೋಶದಲ್ಲಿ ಕೂತರೆ ಕೋಶ ವಿಭಜನೆಗೆ ಬ್ರೇಕ್ ಹಾಕುವ ಜೀನ್‌ಗಳು ಎಚ್ಚರವಾಗುತ್ತವೆ. ಕೆಲವು ಕೋಶಗಳು ವಿಭಜನೆ ನಿಲ್ಲಿಸುತ್ತವೆ, ಕೆಲವು ಬಲಿತು ಸಾಮಾನ್ಯ ಕೋಶದಂತಾಗುತ್ತವೆ, ಕೆಲವು ಸಾಯುತ್ತವೆ.

ಇಲ್ಲಿಯವರೆಗೆ ಎಲ್ಲವೂ ನಿಜ. ಫಾರ್ವರ್ಡ್ ಇಲ್ಲಿಗೇ ನಿಂತುಬಿಡುತ್ತದೆ.

ಗಾಜಿನ ತಟ್ಟೆಗೆ ಕಿಡ್ನಿ ಇಲ್ಲ

ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವ ಕ್ಯಾಲ್ಸಿಟ್ರಯಾಲ್‌ನ ಸಾಂದ್ರತೆ, ಆರೋಗ್ಯವಂತ ಮನುಷ್ಯನ ರಕ್ತದಲ್ಲಿ ಇರುವುದಕ್ಕಿಂತ ಸುಮಾರು 100ರಿಂದ 1,000 ಪಟ್ಟು ಹೆಚ್ಚು. ತಟ್ಟೆಯಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಅಲ್ಲಿ ಕರುಳಿಲ್ಲ, ಕಿಡ್ನಿ ಇಲ್ಲ, ಬಡಿಯುವ ಹೃದಯವಿಲ್ಲ. ಬರೀ ಕ್ಯಾನ್ಸರ್ ಕೋಶಗಳಿವೆ.

ಮನುಷ್ಯನ ಮೈಯಲ್ಲಿ ಆ ಮಟ್ಟ ತಲುಪಲು ಹೊರಟರೆ, ಕ್ಯಾನ್ಸರ್ ಕೋಶಕ್ಕೆ ಸಾಕಷ್ಟು ಸಿಗುವ ಮೊದಲೇ ಕರುಳು ಮತ್ತು ಮೂಳೆ ತಮ್ಮ ಕೆಲಸ ಶುರು ಮಾಡಿರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ಪದೇ ಪದೇ ಮೂತ್ರ, ವಾಕರಿಕೆ, ವಾಂತಿ, ಮಲಬದ್ಧತೆ, ಸುಸ್ತು, ಮಂಕು, ಗೊಂದಲ ಕಾಣಿಸಿಕೊಳ್ಳುತ್ತವೆ. ಮುಂದುವರಿದರೆ ಕಿಡ್ನಿಯಲ್ಲಿ ಕಲ್ಲು, ಕಿಡ್ನಿ ವೈಫಲ್ಯ, ಹೃದಯದ ಲಯದಲ್ಲಿ ಏರುಪೇರು.

ಇನ್ನೊಂದು ತೊಡಕೂ ಇದೆ. ಕ್ಯಾಲ್ಸಿಟ್ರಯಾಲನ್ನು ಒಡೆದು ಹಾಕುವ ಕಿಣ್ವವೊಂದು ನಮ್ಮ ಕೋಶಗಳಲ್ಲಿದೆ. ಹಾರ್ಮೋನು ಅತಿಯಾಗದಿರಲಿ ಎಂದು ದೇಹವೇ ಮಾಡಿಕೊಂಡ ವ್ಯವಸ್ಥೆ ಅದು. ಹಲವು ಕ್ಯಾನ್ಸರ್ ಗೆಡ್ಡೆಗಳಲ್ಲಿ ಈ ಕಿಣ್ವ ಹೆಚ್ಚಾಗಿ ತಯಾರಾಗುತ್ತದೆ. ಅಂದರೆ ನೀವು ಕಷ್ಟಪಟ್ಟು ತಲುಪಿಸಿದ ಔಷಧವನ್ನು ಗೆಡ್ಡೆಯೇ ಒಡೆದು ಹಾಕುತ್ತದೆ.

ಕಂಪನಿಗಳು ಮುಚ್ಚಿಟ್ಟವೇ? ನಡೆದದ್ದು ಇದಕ್ಕೆ ತದ್ವಿರುದ್ಧ

ಕ್ಯಾಲ್ಸಿಯಂ ಏರಿಸುವ ಗುಣ ತೆಗೆದು ಕೋಶಗಳನ್ನು ತಡೆಯುವ ಗುಣ ಮಾತ್ರ ಉಳಿಸಿಕೊಳ್ಳಲು ಸಾಧ್ಯವೇ? ಈ ಪ್ರಶ್ನೆಯ ಹಿಂದೆ ಹಲವು ಔಷಧ ಕಂಪನಿಗಳೂ ವಿಶ್ವವಿದ್ಯಾಲಯಗಳೂ ಬಿದ್ದವು. ಕ್ಯಾಲ್ಸಿಟ್ರಯಾಲ್ ಅಣುವಿನ ಒಂದು ತುದಿಯ ಆಕಾರ ಬದಲಿಸಿ ನೂರಾರು ಹೊಸ ಅಣುಗಳನ್ನು ತಯಾರಿಸಿದರು. ಕೀ ಬೀಗಕ್ಕೆ ಕೂರಬೇಕು, ಆದರೆ ರಕ್ತದಲ್ಲಿ ಬಹಳ ಹೊತ್ತು ಉಳಿದು ಕರುಳಿಗೆ ಕೆಲಸ ಹಚ್ಚಬಾರದು ಎಂಬುದು ಲೆಕ್ಕಾಚಾರ.

ಇದರಲ್ಲಿ ಗೆದ್ದದ್ದು ಕ್ಯಾಲ್ಸಿಪೋಟ್ರಯಾಲ್. 1980ರ ದಶಕದಲ್ಲಿ ಜಪಾನಿನಲ್ಲಿ ಮೂಳೆ ಸವೆತಕ್ಕೆಂದು ವಿಟಮಿನ್ ಡಿ ಗುಂಪಿನ ಔಷಧ ತೆಗೆದುಕೊಳ್ಳುತ್ತಿದ್ದ ರೋಗಿಯೊಬ್ಬರ ಸೋರಿಯಾಸಿಸ್ ಕಡಿಮೆಯಾದದ್ದು ವೈದ್ಯರ ಕಣ್ಣಿಗೆ ಬಿತ್ತು. ಸೋರಿಯಾಸಿಸ್ ಕ್ಯಾನ್ಸರ್ ಅಲ್ಲ, ಆದರೆ ಅದರಲ್ಲೂ ಚರ್ಮದ ಕೋಶಗಳು ಅವಸರದಲ್ಲಿ ಬೆಳೆದು ಹೊಟ್ಟಿನಂತೆ ಉದುರುತ್ತವೆ. ಡೆನ್ಮಾರ್ಕಿನ ಲಿಯೊ ಕಂಪನಿ ತಯಾರಿಸಿದ ಕ್ಯಾಲ್ಸಿಪೋಟ್ರಯಾಲ್ ಮುಲಾಮು ಆ ಕೋಶಗಳ ಅವಸರವನ್ನು ತಗ್ಗಿಸುತ್ತದೆ. ಇಲಿಗಳಲ್ಲಿ ನೋಡಿದಾಗ, ಕ್ಯಾಲ್ಸಿಯಂ ಏರಿಸುವ ಅದರ ಶಕ್ತಿ ಕ್ಯಾಲ್ಸಿಟ್ರಯಾಲ್‌ನದಕ್ಕೆ ಹೋಲಿಸಿದರೆ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಈಗ ನಮ್ಮ ಚರ್ಮರೋಗ ತಜ್ಞರೂ ಇದನ್ನು ಬರೆದುಕೊಡುತ್ತಾರೆ. ಅದು ಗೆಲ್ಲಲು ಮುಖ್ಯ ಕಾರಣ, ಮೈಮೇಲೆ ಹಚ್ಚುವ ಔಷಧವಾಗಿರುವುದು. ಎಲ್ಲಿ ಬೇಕೋ ಅಲ್ಲಿ ಮಾತ್ರ ಕೆಲಸ ಮಾಡಿ, ರಕ್ತಕ್ಕೆ ಸೇರಿದ ಸ್ವಲ್ಪವೂ ಬೇಗ ಒಡೆದುಹೋಗುತ್ತದೆ. ಆದರೂ ವಾರಕ್ಕೆ 100 ಗ್ರಾಂಗಿಂತ ಹೆಚ್ಚು ಹಚ್ಚಬಾರದು ಎಂಬ ಮಿತಿ ಇದೆ. ಕಾರಣ ಮತ್ತೆ ಕ್ಯಾಲ್ಸಿಯಂ.

ದೇಹದ ಒಳಗಿನ ಕ್ಯಾನ್ಸರ್‌ಗೆ ಹೀಗೆ ಹಚ್ಚಲು ಆಗುವುದಿಲ್ಲ, ರಕ್ತದ ಮೂಲಕವೇ ಔಷಧ ಹೋಗಬೇಕು. ಸಿಯೊಕ್ಯಾಲ್ಸಿಟಾಲ್ ಎಂಬ ಇನ್ನೊಂದು ಅಣುವನ್ನು ಲಿವರ್ ಮತ್ತು ಪ್ಯಾಂಕ್ರಿಯಾಸ್ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸಿದರು. ಪ್ರಯೋಗಾಲಯದಲ್ಲಿ ಭರವಸೆ ಹುಟ್ಟಿಸಿದ್ದ ಅದು ಕ್ಯಾನ್ಸರ್ ಔಷಧವಾಗಿ ಮಾರುಕಟ್ಟೆಗೆ ಬರಲೇ ಇಲ್ಲ.

ಪ್ರಾಸ್ಟೇಟ್ ಕ್ಯಾನ್ಸರ್‌ನ ಕಥೆ ಇನ್ನೂ ಎಚ್ಚರಿಕೆ ಕೊಡುವಂಥದ್ದು. ಹೆಚ್ಚು ಪ್ರಮಾಣದ ಕ್ಯಾಲ್ಸಿಟ್ರಯಾಲನ್ನು ವಾರಕ್ಕೊಮ್ಮೆ ಮಾತ್ರ ಕೊಟ್ಟರೆ ಕ್ಯಾಲ್ಸಿಯಂ ಅಷ್ಟಾಗಿ ಏರುವುದಿಲ್ಲ ಎಂದು ಕಂಡುಕೊಂಡು, ಅದನ್ನು ಕೀಮೋ ಔಷಧವಾದ ಡೋಸಿಟಾಕ್ಸೆಲ್ ಜೊತೆ 250 ರೋಗಿಗಳಲ್ಲಿ ಪರೀಕ್ಷಿಸಿದರು. ವಿಟಮಿನ್ ಡಿ ಗುಂಪಿನವರು ಹೆಚ್ಚು ಕಾಲ ಬದುಕಿದಂತೆ ಕಂಡಿತು. ಎಲ್ಲರಿಗೂ ಉತ್ಸಾಹ ಬಂತು. ಖಚಿತಪಡಿಸಿಕೊಳ್ಳಲು 953 ರೋಗಿಗಳ ದೊಡ್ಡ ಪರೀಕ್ಷೆ ಶುರುವಾಯಿತು, ಅದರ ಹೆಸರು ಅಸೆಂಟ್-2. 2007ರಲ್ಲಿ ಅದನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಕ್ಯಾಲ್ಸಿಟ್ರಯಾಲ್ ಪಡೆದ ಗುಂಪಿನಲ್ಲೇ ಸಾವು ಹೆಚ್ಚಾಗಿತ್ತು. ಬದುಕಿದ ಅವಧಿಯ ಮಧ್ಯಾಂಕ ಆ ಗುಂಪಿನಲ್ಲಿ 17.8 ತಿಂಗಳು, ಇನ್ನೊಂದರಲ್ಲಿ 20.2 ತಿಂಗಳು. ಎರಡು ಗುಂಪುಗಳಿಗೆ ಕೀಮೋ ಕೊಟ್ಟ ಕ್ರಮವೂ ಬೇರೆಯಾಗಿತ್ತು, ಆದ್ದರಿಂದ ತಪ್ಪೆಲ್ಲ ಕ್ಯಾಲ್ಸಿಟ್ರಯಾಲ್‌ನದೇ ಎನ್ನಲಾಗದು. ಆದರೆ ಅದು ಜೀವ ಉಳಿಸಲಿಲ್ಲ ಎಂಬುದು ಮಾತ್ರ ಖಚಿತ.

ಇಷ್ಟೆಲ್ಲ ಬಹಿರಂಗವಾಗಿ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಗಿದೆ. ಮುಚ್ಚಿಟ್ಟದ್ದು ಏನೂ ಇಲ್ಲ. ಈ ಅಣುಗಳಲ್ಲಿ ಒಂದು ಕ್ಯಾನ್ಸರ್ ಗುಣಪಡಿಸಿದ್ದರೂ ಅದನ್ನು ತಯಾರಿಸಿದ ಕಂಪನಿ ಪೇಟೆಂಟ್ ಹಿಡಿದು ಜಗತ್ತಿಗೆಲ್ಲ ಮಾರುತ್ತಿತ್ತು.

ಆರೋಗ್ಯವಂತರು ತೆಗೆದುಕೊಂಡರೆ ಕ್ಯಾನ್ಸರ್ ಬರದಂತೆ ತಡೆಯಬಹುದೇ?

ಇದು ಬೇರೆ ಪ್ರಶ್ನೆ, ಇದಕ್ಕೂ ಉತ್ತರ ಹುಡುಕಿದ್ದಾರೆ. ವಿಟಮಿನ್ ಡಿ ಕಡಿಮೆ ಇರುವವರಲ್ಲಿ ಕೆಲವು ಕ್ಯಾನ್ಸರ್‌ಗಳು ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿದ್ದವು. ಆದರೆ ಕಾಯಿಲೆ ಇದ್ದವರು ಮನೆಯಿಂದ ಹೊರಗೆ ಬರುವುದು ಕಡಿಮೆ, ಬಿಸಿಲು ಬೀಳುವುದೂ ಕಡಿಮೆ. ಬೊಜ್ಜು ಇದ್ದವರ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಕಾಣುತ್ತದೆ, ಬೊಜ್ಜಿನಿಂದ ಕೆಲವು ಕ್ಯಾನ್ಸರ್‌ಗಳ ಅಪಾಯವೂ ಹೆಚ್ಚು. ಯಾವುದು ಕಾರಣ, ಯಾವುದು ಪರಿಣಾಮ ಎಂದು ತಿಳಿಯಬೇಕಾದರೆ, ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ವಿಟಮಿನ್, ಇನ್ನೊಂದಕ್ಕೆ ಅದೇ ಥರ ಕಾಣುವ ಖಾಲಿ ಮಾತ್ರೆ ಕೊಟ್ಟು ನೋಡಬೇಕು.

ಅಮೆರಿಕದ ವೈಟಲ್ ಅಧ್ಯಯನ ಹೀಗೇ ಮಾಡಿತು. 50 ದಾಟಿದ ಗಂಡಸರು, 55 ದಾಟಿದ ಹೆಂಗಸರು ಸೇರಿ 25,871 ಜನ. ಅರ್ಧ ಜನರಿಗೆ ದಿನಕ್ಕೆ 2,000 ಯುನಿಟ್ ವಿಟಮಿನ್ ಡಿ, ಸುಮಾರು ಐದು ವರ್ಷ. 2018ರಲ್ಲಿ ಫಲಿತಾಂಶ ಬಂತು. ವಿಟಮಿನ್ ಗುಂಪಿನಲ್ಲಿ 793 ಜನರಿಗೆ ಕ್ಯಾನ್ಸರ್ ಬಂದಿತ್ತು, ಖಾಲಿ ಮಾತ್ರೆಯ ಗುಂಪಿನಲ್ಲಿ 824 ಜನರಿಗೆ. ಇದು ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣ ವ್ಯತ್ಯಾಸ. ಕ್ಯಾನ್ಸರ್‌ನಿಂದ ಸತ್ತವರು 154 ಮತ್ತು 187. ಇದು ಸ್ವಲ್ಪ ಆಸೆ ಹುಟ್ಟಿಸಿದರೂ ಖಚಿತ ಎನ್ನುವಷ್ಟು ದೊಡ್ಡದಲ್ಲ.

ಆಸ್ಟ್ರೇಲಿಯಾದ ಡಿ-ಹೆಲ್ತ್ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿ ಕೊಟ್ಟದ್ದು ನಮ್ಮ ಪೊಟ್ಟಣದ ಅಳತೆಯನ್ನೇ: 60,000 ಯುನಿಟ್, ಆದರೆ ತಿಂಗಳಿಗೆ ಒಮ್ಮೆ. 60 ವರ್ಷ ದಾಟಿದ 21,315 ಜನ, ಐದು ವರ್ಷದವರೆಗೆ. ಯಾವುದೇ ಕಾರಣದಿಂದ ಸತ್ತವರು ವಿಟಮಿನ್ ಗುಂಪಿನಲ್ಲಿ 562, ಇನ್ನೊಂದರಲ್ಲಿ 538. ಕ್ಯಾನ್ಸರ್ ಸಾವೂ ಕಡಿಮೆಯಾಗಲಿಲ್ಲ.

ಇಂಥ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದಾಗ ಒಂದು ಕುತೂಹಲದ ಸಂಗತಿ ಕಂಡಿದೆ. ದಿನವೂ ಸಣ್ಣ ಪ್ರಮಾಣ ಕೊಟ್ಟ ಕಡೆ ಕ್ಯಾನ್ಸರ್ ಸಾವು ಸುಮಾರು ಶೇಕಡ 12ರಷ್ಟು ಕಡಿಮೆ ಕಂಡಿತು. ಒಮ್ಮೆಗೇ ದೊಡ್ಡ ಪ್ರಮಾಣ ಕೊಟ್ಟ ಕಡೆ ಯಾವ ಲಾಭವೂ ಕಾಣಲಿಲ್ಲ. ಸಂಶೋಧನೆ ಇನ್ನೂ ನಡೆಯುತ್ತಿದೆ. 2014ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ವಿಜ್ಞಾನಿಗಳು, ಪ್ಯಾಂಕ್ರಿಯಾಸ್ ಕ್ಯಾನ್ಸರ್ ಸುತ್ತ ಗೋಡೆಯಂತೆ ಬೆಳೆಯುವ ಅಂಗಾಂಶವನ್ನು ಕ್ಯಾಲ್ಸಿಪೋಟ್ರಯಾಲ್ ಸಡಿಲಿಸಿ ಕೀಮೋ ಒಳಗೆ ಹೋಗಲು ದಾರಿ ಮಾಡಬಹುದು ಎಂದು ಇಲಿಗಳಲ್ಲಿ ತೋರಿಸಿದರು. ಗಮನಿಸಿ: ಕೀಮೋ ಬದಲಿಗೆ ಅಲ್ಲ, ಕೀಮೋಗೆ ಸಹಾಯಕವಾಗಿ.

60,000 ಎಂದರೆ ಎಷ್ಟು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ಶಿಫಾರಸು ಮಾಡಿದ್ದು ದಿನಕ್ಕೆ 600 ಯುನಿಟ್. ಆ ಲೆಕ್ಕದಲ್ಲಿ ಒಂದು ಪೊಟ್ಟಣ 100 ದಿನದ ಪಾಲು. ವೈದ್ಯರ ನಿಗಾ ಇಲ್ಲದೆ ಸಾಮಾನ್ಯ ವಯಸ್ಕರು ದಾಟಬಾರದ ಮಿತಿ ದಿನಕ್ಕೆ 4,000 ಯುನಿಟ್. ದಿನವೂ ಒಂದು ಪೊಟ್ಟಣ ಎಂದರೆ ಆ ಮಿತಿಯ 15 ಪಟ್ಟು.

ಕೊರತೆ ಇರುವವರಿಗೆ ವೈದ್ಯರು ಸಾಮಾನ್ಯವಾಗಿ ವಾರಕ್ಕೆ ಒಂದು ಪೊಟ್ಟಣದಂತೆ, ಸುಮಾರು ಎಂಟು ವಾರ ಎಂದು ಬರೆದುಕೊಡುತ್ತಾರೆ. ಆಮೇಲೆ ನಿಲ್ಲಿಸುತ್ತಾರೆ ಅಥವಾ ಕಡಿಮೆ ಮಾಡುತ್ತಾರೆ. ವಾರಕ್ಕೆ ಒಂದು ಎಂಬುದನ್ನು ದಿನಕ್ಕೆ ಒಂದು ಎಂದು ತಪ್ಪು ತಿಳಿದು, ಅಥವಾ ಎಂಟು ವಾರದ ಚೀಟಿಯನ್ನೇ ತಿಂಗಳುಗಟ್ಟಲೆ ತೋರಿಸಿ ಕೊಂಡು ಕುಡಿದು, ವಾಂತಿ, ಗೊಂದಲ, ಕಿಡ್ನಿ ತೊಂದರೆಯೊಂದಿಗೆ ಆಸ್ಪತ್ರೆ ಸೇರಿದವರ ಪ್ರಕರಣಗಳು ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ವಿಟಮಿನ್ ಡಿ ಕೊಬ್ಬಿನಲ್ಲಿ ಸಂಗ್ರಹವಾಗುತ್ತದೆ. ಹಾಗಾಗಿ ಕುಡಿಯುವುದನ್ನು ನಿಲ್ಲಿಸಿದರೂ ಅದರ ಪರಿಣಾಮ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ.

ಕ್ಯಾನ್ಸರ್ ರೋಗಿಗಳಿಗೆ ಅಪಾಯ ಇನ್ನೂ ಹೆಚ್ಚು ಏಕೆ?

ಈ ಫಾರ್ವರ್ಡ್ ಯಾರಿಗೆಂದು ಬರೆದಿದೆಯೋ ಅವರಿಗೇ ಇದು ಹೆಚ್ಚು ಹಾನಿ ಮಾಡಬಹುದು. ಶ್ವಾಸಕೋಶ, ಸ್ತನ ಮತ್ತು ಮೈಲೋಮ ಎಂಬ ರಕ್ತ ಸಂಬಂಧಿ ಕ್ಯಾನ್ಸರ್ ಸೇರಿದಂತೆ ಹಲವು ಕ್ಯಾನ್ಸರ್‌ಗಳಲ್ಲಿ, ಯಾವ ಮಾತ್ರೆಯನ್ನೂ ನುಂಗದೆ ತಾನಾಗಿಯೇ ರಕ್ತದ ಕ್ಯಾಲ್ಸಿಯಂ ಏರಬಹುದು. ಗೆಡ್ಡೆ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಹೋಲುವ ವಸ್ತು ಸುರಿಸುತ್ತದೆ, ಇಲ್ಲವೇ ಮೂಳೆಗೆ ಹರಡಿ ಅದನ್ನು ಕರಗಿಸುತ್ತದೆ. ಕೆಲವು ಲಿಂಫೋಮಾಗಳಲ್ಲಿ ಗೆಡ್ಡೆಯೇ ಕ್ಯಾಲ್ಸಿಟ್ರಯಾಲ್ ತಯಾರಿಸುತ್ತದೆ. ಕ್ಷಯ ರೋಗದಲ್ಲೂ ಕೆಲವೊಮ್ಮೆ ಹೀಗಾಗುತ್ತದೆ. ಇಂಥವರಿಗೆ ಪುಡಿ ಕುಡಿಸುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಮೋಸ ಎಲ್ಲಿದೆ ಎಂದರೆ, ಕ್ಯಾಲ್ಸಿಯಂ ಏರಿದಾಗ ಬರುವ ವಾಂತಿ, ಸುಸ್ತು, ಹಸಿವಿಲ್ಲದಿರುವಿಕೆಗಳು ಕೀಮೋದಿಂದಲೂ ಬರುತ್ತವೆ. ಮನೆಯವರು ಕೀಮೋದ ಪರಿಣಾಮ ಎಂದುಕೊಂಡು ಸುಮ್ಮನಿದ್ದುಬಿಡಬಹುದು. ಪುಡಿ ಕುಡಿಯುತ್ತಿದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ. ರಕ್ತದ ಕ್ಯಾಲ್ಸಿಯಂ ನೋಡಲು ಒಂದು ಸಾಮಾನ್ಯ ರಕ್ತ ಪರೀಕ್ಷೆ ಸಾಕು.

ಇದಕ್ಕೆ ಇನ್ನೊಂದು ಬದಿಯೂ ಇದೆ. ಸ್ತನ ಅಥವಾ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಚಿಕಿತ್ಸೆ ಪಡೆಯುವವರಿಗೂ, ಮೂಳೆ ಗಟ್ಟಿಮಾಡುವ ಇಂಜೆಕ್ಷನ್ ಪಡೆಯುವವರಿಗೂ ವೈದ್ಯರೇ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬರೆದುಕೊಡುತ್ತಾರೆ. ಅದು ಕ್ಯಾನ್ಸರ್ ಕೊಲ್ಲಲು ಅಲ್ಲ, ಮೂಳೆ ಉಳಿಸಲು. ಈ ಲೇಖನ ಓದಿ ಅದನ್ನು ನಿಲ್ಲಿಸಬೇಡಿ. ವೈದ್ಯರು ಹೇಳಿದ ಪ್ರಮಾಣ, ಹೇಳಿದಷ್ಟು ದಿನ ತೆಗೆದುಕೊಳ್ಳಿ.

ಹಾಗಾದರೆ ವಿಟಮಿನ್ ಡಿ ಬೇಡವೇ?

ಬೇಕು. ನಮ್ಮಲ್ಲಿ ಬಿಸಿಲು ಧಾರಾಳವಾಗಿದ್ದರೂ ಕೊರತೆ ಸಾಮಾನ್ಯ. ದಿನವಿಡೀ ಒಳಗೆ ಕೂತು ಕೆಲಸ, ಮೈತುಂಬ ಬಟ್ಟೆ, ಊರಿನ ಹೊಗೆ ಎಲ್ಲವೂ ಕಾರಣ. ಮುಂಜಾನೆಯ ಎಳೆಬಿಸಿಲು ಹಿತವಾಗಿರುತ್ತದೆ, ಆದರೆ ಅದರಲ್ಲಿ ಅತಿನೇರಳೆ ಬಿ ಕಿರಣ ಬಹಳ ಕಡಿಮೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಮುಖ, ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಲಿ. ಚರ್ಮ ಉರಿಯುವಷ್ಟು ನಿಲ್ಲಬೇಡಿ. ಕಿಟಕಿಯ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ, ಆ ಕಿರಣ ಗಾಜನ್ನು ದಾಟುವುದಿಲ್ಲ. ಬಿಸಿಲಿನಿಂದ ವಿಟಮಿನ್ ಡಿ ವಿಷವಾಗುವುದಿಲ್ಲ, ಏಕೆಂದರೆ ಹೆಚ್ಚಾದದ್ದನ್ನು ಚರ್ಮವೇ ಒಡೆದು ಹಾಕುತ್ತದೆ. ಪೊಟ್ಟಣಕ್ಕೆ ಆ ಸೌಲಭ್ಯ ಇಲ್ಲ.

ರಕ್ತ ಪರೀಕ್ಷೆಯಲ್ಲಿ 20 ನ್ಯಾನೋಗ್ರಾಂಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ಆಗ ವೈದ್ಯರ ಸಲಹೆಯಂತೆ ತೆಗೆದುಕೊಳ್ಳಿ. ಮೂತ್ರಪಿಂಡದ ಕಲ್ಲು, ಕಿಡ್ನಿ ಕಾಯಿಲೆ, ಕ್ಷಯ, ಕ್ಯಾನ್ಸರ್ ಇದ್ದವರು ಸ್ವಂತ ನಿರ್ಧಾರದಿಂದ ಒಂದು ಪೊಟ್ಟಣವನ್ನೂ ಕುಡಿಯಬೇಡಿ.

ಗುಂಪಿನಲ್ಲಿ ಏನು ಉತ್ತರಿಸಬಹುದು?

ಆ ಸಂದೇಶ ಕಳಿಸಿದವರು ನಿಮ್ಮ ದೊಡ್ಡಮ್ಮನೋ, ಆಫೀಸಿನ ಸ್ನೇಹಿತರೋ ಆಗಿರಬಹುದು. ಎಲ್ಲರ ಎದುರು ಸುಳ್ಳು ಎಂದು ಬರೆದರೆ ಅವರಿಗೆ ನೋವಾಗುತ್ತದೆ, ನಿಮ್ಮ ಮಾತು ಕಿವಿಗೆ ಹೋಗುವುದಿಲ್ಲ. ಅದರ ಬದಲು ಇದನ್ನು ಕಳಿಸಿ ನೋಡಿ:

“ವಿಟಮಿನ್ ಡಿ ಬಗ್ಗೆ ಕಳಿಸಿದ್ದು ಅರ್ಧ ನಿಜ. ಲ್ಯಾಬಿನಲ್ಲಿ ಅದು ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ. ಆದರೆ ಮನುಷ್ಯರಿಗೆ ಅಷ್ಟು ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಹಾಳಾಗುತ್ತದೆ. 60,000 ಪುಡಿ ದಿನವೂ ಕುಡಿಯುವುದಲ್ಲ, ವೈದ್ಯರು ಹೇಳಿದರೆ ವಾರಕ್ಕೆ ಒಂದು. ನಮ್ಮ ಗುಂಪಿನಲ್ಲಿ ಯಾರಾದರೂ ದಿನವೂ ಕುಡಿಯುತ್ತಿದ್ದರೆ ಈಗಲೇ ನಿಲ್ಲಿಸಿ, ವೈದ್ಯರಿಗೆ ಹೇಳಿ ಕ್ಯಾಲ್ಸಿಯಂ ಟೆಸ್ಟ್ ಮಾಡಿಸಿ. ಕೀಮೋ ಯಾರೂ ಬಿಡಬೇಡಿ.”

ಇದನ್ನು ಹತ್ತು ಜನರಿಗೆ ಕಳಿಸಲೇಬೇಕು ಎಂದೇನಿಲ್ಲ. ಮನೆಯಲ್ಲಿ ಪುಡಿಯ ಪೊಟ್ಟಣ ಇಟ್ಟುಕೊಂಡಿರುವ ಒಬ್ಬರಿಗೆ ತಲುಪಿದರೂ ಸಾಕು.